ಮಳೆ ನಿಲ್ಲಲಿ ಅಂತ ಕಾಯಬೇಡಿ

ಪ್ರಶ್ನೆ: ನಾನು ವಿಜಯಪುರದವಳು. ಗಂಡನಿಗೆ ವರ್ಗವಾಗಿ ಕಳೆದ ವರ್ಷ ಮಂಗಳೂರಿಗೆ ಬಂದೆವು. ಜೂನ್ ಬಂತೆಂದರೆ ಬಟ್ಟೆ ಒಣಗುವುದಿಲ್ಲ, ಗೋಡೆಗೆ ಬೂಷ್ಟು, ಒಳಗೇ ಕೂತು ಮನಸ್ಸು ಮಂಕಾಗುತ್ತದೆ. ಇಲ್ಲಿನವರು ಮಳೆಗಾಲವನ್ನು ಖುಷಿಯಾಗಿ ಹೇಗೆ ಕಳೆಯುತ್ತೀರಿ? ಪಕ್ಕದ ಮನೆಯವರು ಆಟಿ ಅಮಾವಾಸ್ಯೆಗೆ (ಜುಲೈ–ಆಗಸ್ಟ್‌ನಲ್ಲಿ ಬರುವ ತುಳುವರ ಆಟಿ ತಿಂಗಳ ಅಮಾವಾಸ್ಯೆ) ಕಷಾಯ ಕೊಡುತ್ತೇವೆ ಎಂದಿದ್ದಾರೆ. ಕುಡಿಯಬಹುದಾ?
– ಓದುಗರು, ಕದ್ರಿ

ಉತ್ತರ: ತಂಗಿ, ಬಿಸಿಲೂರಿನಿಂದ ಬಂದವರಿಗೆ ನಮ್ಮ ಮಳೆ ಜಾಸ್ತಿಯೇ. ನಾನಿರುವ ಉಡುಪಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಸುರಿಯುತ್ತದೆ. ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಯಾವಾಗ ನಿಲ್ಲುತ್ತದಪ್ಪಾ ಅಂತ ಕಾಯುತ್ತಾ ಕೂತರೆ ನಾಲ್ಕು ತಿಂಗಳೂ ಭಾರ. ಈ ವಾರ ಏನು ಬಂದಿದೆ ಅಂತ ನೋಡಿ. ಇಲ್ಲಿ ಒಂದೊಂದಕ್ಕೂ ಅದರದ್ದೇ ಸಮಯ, ತಪ್ಪಿದರೆ ಮುಂದಿನ ವರ್ಷವೇ.

ಗುಡುಗು ಬಂದು ನೆಲ ನೆನೆದ ಮೇಲೆ ಕಲ್ಲಣಬೆ, ಅಂದರೆ ಮಣ್ಣಿನಲ್ಲಿ ಸಿಗುವ ಉರುಟು ಅಣಬೆ. ಮಣ್ಣು ಮೆತ್ತಿದ ಗೋಲಿಗಳ ಹಾಗೆ ಇರುತ್ತದೆ. ತೊಳೆಯುವುದೇ ದೊಡ್ಡ ಕೆಲಸ, ರೇಟೂ ಜಾಸ್ತಿ. ಆದರೂ ಒಂದು ಸಲ ತನ್ನಿ, ಬೇಗ ಮುಗಿದುಹೋಗುತ್ತದೆ. ಮೇ ಕೊನೆಗೆ ಬರುವ ಪತ್ತನಾಜೆಯ ದಿನ ವರ್ಷದ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಯಕ್ಷಗಾನ ಕಲಾವಿದರಲ್ಲಿ ಕೆಲವರು ಮಳೆಗಾಲದಲ್ಲಿ ಚಿಕ್ಕಮೇಳ ಅನ್ನುವ ಪುಟ್ಟ ತಂಡ ಕಟ್ಟಿಕೊಂಡು ಸಂಜೆ ಮನೆಮನೆಗೆ ಬರುತ್ತಾರೆ. ಬಂದರೆ ದೀಪ ಹಚ್ಚಿ ಒಳಗೆ ಕರೆಯಿರಿ. ನಿಮ್ಮದೇ ಚಾವಡಿಯಲ್ಲಿ ಚೆಂಡೆ ಕೇಳುವ ಸಂತೋಷ ಬೇರೆಯೇ.

ಇನ್ನು ಪತ್ರೊಡೆ, ಕೆಸುವಿನ ಎಲೆಗೆ ಹಿಟ್ಟು ಸವರಿ ಸುತ್ತಿ ಬೇಯಿಸುವ ತಿಂಡಿ. ಇದನ್ನು ನೀವು ಕೈಯಾರೆ ಮಾಡಲೇಬೇಕು. ಮರದ ಮೇಲೆ ಬೆಳೆಯುವ ಮರಕೆಸು ಸಿಕ್ಕಿದರೆ ಅದೃಷ್ಟ, ತುರಿಕೆ ಕಡಿಮೆ. ಎಲೆಯ ಹಿಂಬದಿಯ ದಪ್ಪ ನಾರನ್ನು ಚೂರಿಯಿಂದ ಸವರಿ ತೆಗೆಯಿರಿ. ನೆನೆಸಿದ ಅಕ್ಕಿ, ತೆಂಗಿನತುರಿ, ಹುರಿದ ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ, ಬೆಲ್ಲ, ಹುಳಿ ಸೇರಿಸಿ ತರಿತರಿಯಾಗಿ ರುಬ್ಬಿ. ಹುಳಿಯಲ್ಲಿ ಜಿಪುಣತನ ಬೇಡ, ಗಂಟಲು ತುರಿಸದಂತೆ ಕಾಯುವುದು ಅದೇ. ದೊಡ್ಡ ಎಲೆ ಕೆಳಗೆ, ಸಣ್ಣದು ಮೇಲೆ. ಒಂದೊಂದಕ್ಕೂ ಹಿಟ್ಟು ಸವರಿ, ಬದಿ ಮಡಚಿ, ಬಿಗಿಯಾಗಿ ಸುತ್ತಿ ಮುಕ್ಕಾಲು ಗಂಟೆ ಹಬೆಯಲ್ಲಿ ಬೇಯಿಸಿ. ಅಂದೇ ತುಪ್ಪದ ಜೊತೆ ತಿನ್ನಬಹುದು. ನನಗೆ ಇಷ್ಟ ಮಾರನೇ ದಿನದ್ದು. ಬಿಲ್ಲೆ ಕತ್ತರಿಸಿ, ಕಾವಲಿಗೆ ತೆಂಗಿನೆಣ್ಣೆ ಬಿಟ್ಟು, ಅಂಚು ಗರಿಗರಿ ಆಗುವವರೆಗೆ ಬಿಡಬೇಕು. ಹೊರಗೆ ಧೋ ಅಂತ ಸುರಿಯುವಾಗ ಆ ಪರಿಮಳ ಬಂತೆಂದರೆ ಬಿಸಿಲು ಯಾರಿಗೆ ಬೇಕು, ಅಲ್ವಾ?

ಬೂಷ್ಟಿಗೆ ಪೂರ್ತಿ ಪರಿಹಾರ ಇಲ್ಲ. ಮಳೆ ಬಿಟ್ಟು ಹೊಳವಾದ ಕೂಡಲೇ ಕಿಟಕಿ ತೆರೆಯಿರಿ, ಕಪಾಟನ್ನು ಗೋಡೆಯಿಂದ ಸ್ವಲ್ಪ ಈಚೆ ಎಳೆಯಿರಿ.

ಒಂದು ವಿಷಯ ಮಾತ್ರ ಹಗುರ ಮಾಡಬೇಡಿ. ವಾರಗಟ್ಟಲೆ ನಿದ್ದೆ ಬಾರದೆ, ಊಟ ಸೇರದೆ, ಯಾವುದರಲ್ಲೂ ಮನಸ್ಸಿಲ್ಲ ಅಂತಾದರೆ ಪತ್ರೊಡೆ ಸಾಕಾಗುವುದಿಲ್ಲ. ವೈದ್ಯರನ್ನು ಕಾಣಿ. ಅದರಲ್ಲಿ ಸಂಕೋಚ ಪಡುವಂಥದ್ದು ಏನೂ ಇಲ್ಲ.

ಈಗ ಕಷಾಯದ ಮಾತು. ಅದು ಹಾಲೆ ಮರದ ತೊಗಟೆಯದು, ತುಳುವಿನಲ್ಲಿ ಪಾಲೆ. ಬೆಳಕು ಹರಿಯುವ ಮೊದಲೇ ಹೋಗಿ ಕಲ್ಲಿನಿಂದ ಜಜ್ಜಿ ತೆಗೆಯುತ್ತಾರೆ, ಕತ್ತಿ ತಾಗಿಸುವುದಿಲ್ಲ. ಕರಿಮೆಣಸು, ಬೆಳ್ಳುಳ್ಳಿ, ಓಮ ಹಾಕಿ ಅರೆದು ರಸ ಹಿಂಡುತ್ತಾರೆ. ಕಹಿಯೋ ಕಹಿ. ಕುಡಿದ ಮೇಲೆ ದೇಹ ತಂಪಾಗಲೆಂದು ಮೆಂತೆ ಗಂಜಿ ಕೊಡುತ್ತಾರೆ. ಗುರುತು ಚೆನ್ನಾಗಿ ಗೊತ್ತಿರುವ ಹಿರಿಯರು ತಂದದ್ದಾದರೆ ಸ್ವಲ್ಪವೇ ಕುಡಿಯಿರಿ. ಗರ್ಭಿಣಿಯಾಗಿದ್ದರೆ, ದಿನಾ ಮಾತ್ರೆ ತಗೊಳ್ಳುವವರಾದರೆ ಬೇಡ. ನೀವೇ ಹೋಗಿ ತೊಗಟೆ ತರುವ ಸಾಹಸ ಖಂಡಿತ ಬೇಡ. ಕತ್ತಲಲ್ಲಿ ಹಾಲೆ ಎಂದುಕೊಂಡು ಕಾಸರಕದ ತೊಗಟೆ ತಂದರೆ ಜೀವಕ್ಕೇ ಅಪಾಯ, ಅದು ವಿಷ. ಹಾಲೆಯಲ್ಲಿ ಒಂದೇ ಗಿಣ್ಣಿನ ಸುತ್ತ ಹಲವು ಎಲೆ ಇರುತ್ತವೆ, ಗಾಯ ಮಾಡಿದರೆ ಬಿಳಿ ಹಾಲು ಒಸರುತ್ತದೆ. ಕಾಸರಕದಲ್ಲಿ ಎಲೆಗಳು ಎರಡೆರಡಾಗಿ ಎದುರುಬದುರು, ಹಾಲು ಇಲ್ಲ. ಪಕ್ಕದ ಮನೆಯವರನ್ನು ಹಗಲಲ್ಲೇ ಕೇಳಿ, ಆ ಮರವನ್ನು ಒಮ್ಮೆ ನೋಡಿಕೊಂಡು ಬನ್ನಿ.