ರಾತ್ರಿ ಒಂಬತ್ತರ ವಾರ್ತೆ, ಮರುದಿನದ ಪತ್ರಿಕೆ

ಕನ್ನಡ ಮಾಧ್ಯಮದಲ್ಲಿ ಓದಿದ ತಾವು, ತರಬೇತಿ ಕೇಂದ್ರಗಳಿಗೆ ಹಣ ಸುರಿಯದೆ, ಕೇಳುವುದರಿಂದ ಮತ್ತು ಓದುವುದರಿಂದಲೇ ಇಂಗ್ಲಿಷ್ ಕಲಿಯಲು ಸಾಧ್ಯವೇ ಎಂದು ಕೇಳಿದ್ದೀರಿ. ಎಷ್ಟು ಸಲ ವೇಳಾಪಟ್ಟಿ ಹಾಕಿಕೊಂಡರೂ ನಾಲ್ಕನೆಯ ದಿನಕ್ಕೆ ಅದು ಮೂಲೆ ಸೇರುತ್ತದೆ ಎಂದೂ ಬರೆದಿದ್ದೀರಿ. ಇವು ಎರಡು ಪ್ರಶ್ನೆಗಳಂತೆ ಕಂಡರೂ ನನ್ನ ಪಾಲಿಗೆ ಒಂದೇ ಆಗಿದ್ದವು, ಏಕೆಂದರೆ ನನಗೆ ಇಂಗ್ಲಿಷನ್ನೂ ಸಮಯಕ್ಕೆ ಸರಿಯಾಗಿ ಕೂರುವುದನ್ನೂ ಕಲಿಸಿದ್ದು ಮನೆಯಲ್ಲಿದ್ದ ಒಂದು ಹಳೆಯ ಟ್ರಾನ್ಸಿಸ್ಟರ್.

ನಾನು ಹಾವೇರಿ ಜಿಲ್ಲೆಯ ಒಂದು ಹಳ್ಳಿಯವನು. ನಮ್ಮ ಕಾಲದಲ್ಲಿ ಸರ್ಕಾರಿ ಕನ್ನಡ ಶಾಲೆಗಳಲ್ಲಿ ಎ ಬಿ ಸಿ ಡಿ ಆರಂಭವಾಗುತ್ತಿದ್ದುದೇ ಐದನೆಯ ತರಗತಿಯಲ್ಲಿ. 1998ರಲ್ಲಿ ಪಿಯುಸಿ ವಿಜ್ಞಾನಕ್ಕೆ ಸೇರಿದಾಗ ಪಾಠಗಳೆಲ್ಲ ಒಮ್ಮೆಲೇ ಇಂಗ್ಲಿಷಿಗೆ ತಿರುಗಿದವು. ಮೊದಲ ಕಿರುಪರೀಕ್ಷೆಯಲ್ಲಿ ಉತ್ತರ ಗೊತ್ತಿದ್ದೂ ಪ್ರಶ್ನೆಯೇ ಅರ್ಥವಾಗದೆ ಹಾಳೆಯನ್ನು ಅರೆಖಾಲಿ ಬಿಟ್ಟು ಎದ್ದುಬಂದೆ. ಆ ವಾರವೇ ರಾತ್ರಿ ಒಂಬತ್ತಕ್ಕೆ ಧಾರವಾಡ ಆಕಾಶವಾಣಿ ಮರುಪ್ರಸಾರ ಮಾಡುತ್ತಿದ್ದ ದೆಹಲಿಯ ಇಂಗ್ಲಿಷ್ ವಾರ್ತೆಗೆ ಕಿವಿ ಕೊಡತೊಡಗಿದೆ. ಮೊದಲ ಕೆಲವು ವಾರ ಅರ್ಥವಾದದ್ದು ವಾಜಪೇಯಿಯವರ ಹೆಸರು, ಊರುಗಳ ಹೆಸರು ಮತ್ತು ಕ್ರಿಕೆಟ್ಟಿನ ರನ್ನುಗಳು ಮಾತ್ರ.

ಕೇಳಿದ್ದು ಅರ್ಥವಾಗತೊಡಗಿದ್ದು ಓದು ಜೊತೆಗೂಡಿದ ಮೇಲೆ. ಕಾಲೇಜಿನ ಊರಿನ ಗ್ರಂಥಾಲಯಕ್ಕೆ ಒಂದು ಇಂಗ್ಲಿಷ್ ಪತ್ರಿಕೆ, ಎರಡು ಕನ್ನಡ ಪತ್ರಿಕೆಗಳು ಬರುತ್ತಿದ್ದವು. ಹಿಂದಿನ ರಾತ್ರಿ ಕೇಳಿದ ಸುದ್ದಿಗಳೇ ಅವುಗಳ ಮುಖಪುಟದಲ್ಲಿ ಇರುತ್ತಿದ್ದುದರಿಂದ, ಮೊದಲು ಕನ್ನಡದಲ್ಲಿ ಓದಿ, ಅನಂತರ ಅದೇ ಸುದ್ದಿಯನ್ನು ಇಂಗ್ಲಿಷಿನಲ್ಲಿ ಹುಡುಕಿ ಓದುತ್ತಿದ್ದೆ. ಒಂದು ಉದಾಹರಣೆ ಕೊಡುತ್ತೇನೆ. ಒಂದು ರಾತ್ರಿ ಲೋಕಸಭೆಯ ಸುದ್ದಿಯಲ್ಲಿ 'ಸೈನಿ ಡೈ' ಎಂಬಂಥದ್ದೇನೋ ಕೇಳಿಸಿತು. ಸೈನಿ ಎಂಬ ಸಂಸದರೊಬ್ಬರು ತೀರಿಕೊಂಡಿರಬೇಕು ಎಂದು ನಾನು ಭಾವಿಸಿದೆ. ಮರುದಿನ ಕನ್ನಡ ಪತ್ರಿಕೆಯಲ್ಲಿ ಯಾರ ಸಾವಿನ ಸುದ್ದಿಯೂ ಇರಲಿಲ್ಲ, 'ಲೋಕಸಭೆ ಅನಿರ್ದಿಷ್ಟಾವಧಿಗೆ ಮುಂದೂಡಿಕೆ' ಎಂದಿತ್ತು. ಇಂಗ್ಲಿಷ್ ಪತ್ರಿಕೆಯಲ್ಲಿ ಅದೇ ಜಾಗದಲ್ಲಿ ಎಸ್ ಐ ಎನ್ ಇ, ಅದರ ಪಕ್ಕದಲ್ಲಿ ಡಿ ಐ ಇ ಎಂಬ ಎರಡು ಪದಗಳಿದ್ದವು. ಮರುಸಭೆಯ ದಿನವನ್ನು ಗೊತ್ತುಪಡಿಸದೆ ಎಂಬ ಅರ್ಥದ ಲ್ಯಾಟಿನ್ ಮಾತು ಅದು. ಕಿವಿಗೆ ಬಿದ್ದ ಸದ್ದು, ಕಣ್ಣಿಗೆ ಬಿದ್ದ ಅಕ್ಷರ ಮತ್ತು ಕನ್ನಡದ ಅರ್ಥ ಮೂರೂ ಹೀಗೆ ಒಂದೆಡೆ ಕೂಡಿದ ಪದವನ್ನು ನಾನು ಮತ್ತೆ ನಿಘಂಟಿನಲ್ಲಿ ನೋಡಬೇಕಾಗಿ ಬಂದದ್ದಿಲ್ಲ.

ಓದಿನಿಂದ ಮಾತ್ರ ಕಲಿತವರಿಗೆ ಉಚ್ಚಾರಣೆ ಕೈಕೊಡುತ್ತದೆ. ಕನ್ನಡದಲ್ಲಿ ಬರೆದದ್ದನ್ನೇ ಓದಿ ಅಭ್ಯಾಸವಾದ ನಾವು 'ಡೆಟ್' ಪದದಲ್ಲಿರುವ ಬಿ ಅಕ್ಷರವನ್ನೂ 'ರಿಸೀಟ್' ಪದದಲ್ಲಿರುವ ಪಿ ಅಕ್ಷರವನ್ನೂ ಬಿಡದೆ ಉಚ್ಚರಿಸುತ್ತೇವೆ. ಇಂಗ್ಲಿಷಿನಲ್ಲಿ ಒತ್ತು ಎಲ್ಲಿ ಬೀಳುತ್ತದೆ ಎಂಬುದೂ ಪುಟದಲ್ಲಿ ಕಾಣುವುದಿಲ್ಲ: 'ಫೋಟೋಗ್ರಾಫ್' ಪದದಲ್ಲಿ ಮೊದಲ ಭಾಗಕ್ಕೆ ಬೀಳುವ ಒತ್ತು 'ಫೋಟೋಗ್ರಾಫರ್' ಎನ್ನುವಾಗ ಎರಡನೆಯ ಭಾಗಕ್ಕೆ ಜಾರುತ್ತದೆ. ಇನ್ನೊಂದು ನಮ್ಮದೇ ಅಭ್ಯಾಸ. 'ಎಲ್ಲಿ' ಎಂಬುದನ್ನು 'ಯೆಲ್ಲಿ' ಎಂದೂ 'ಒಂದು' ಎಂಬುದನ್ನು 'ವೊಂದು' ಎಂದೂ ಆಡುವ ನಾಲಿಗೆ ಮೊಟ್ಟೆಯನ್ನು 'ಯೆಗ್' ಎನ್ನುತ್ತದೆ, 'ಓನ್ಲಿ' ಎನ್ನಬೇಕಾದಲ್ಲಿ 'ವೋನ್ಲಿ' ಎನ್ನುತ್ತದೆ. ವಾರ್ತೆ ಓದುವವರ ಹಿಂದೆಯೇ ಮೆಲ್ಲಗೆ ಹೇಳಿಕೊಳ್ಳುವಾಗಲೇ ನನಗೆ ಇದು ಗೊತ್ತಾದದ್ದು. ಅಲ್ಲಿಯವರೆಗೆ ಯಾವ ಮೇಷ್ಟರೂ ತಿದ್ದಿರಲಿಲ್ಲ, ಅವರೂ ಹಾಗೆಯೇ ಅನ್ನುತ್ತಿದ್ದರು.

ಇನ್ನು ಸಮಯದ ಮಾತು. ವಿಶ್ವೇಶ್ವರಯ್ಯನವರ ಸಮಯಪಾಲನೆಯ ಕಥೆಗಳನ್ನು ಎಲ್ಲರಂತೆ ನಾನೂ ಶಾಲೆಯಲ್ಲಿ ಕೇಳಿದ್ದೆ. ಅವುಗಳಿಂದ ನಾನು ಒಂದು ನಿಮಿಷವೂ ಬೇಗ ಎದ್ದವನಲ್ಲ. ರೇಡಿಯೋ ವಾರ್ತೆಯ ವಿಷಯ ಬೇರೆ. ಅಲ್ಲಿ ಆರಂಭದಲ್ಲೇ ಮುಖ್ಯಾಂಶಗಳನ್ನು ಹೇಳಿಬಿಡುತ್ತಾರೆ. ಅವು ಕಿವಿಗೆ ಬಿದ್ದರೆ ಮುಂದಿನದು ಯಾವುದರ ಬಗ್ಗೆ ಎಂಬ ಹಿಡಿತ ಸಿಗುತ್ತದೆ. ಎರಡು ನಿಮಿಷ ತಡವಾದರೆ ಉಳಿದ ವಾರ್ತೆಯೆಲ್ಲ ಬರಿಯ ಸದ್ದು. ತಡವಾದದ್ದಕ್ಕೆ ದಂಡವನ್ನು ಅಲ್ಲೇ, ಅದೇ ರಾತ್ರಿ ತೆರಬೇಕಾಗುತ್ತಿತ್ತು. ನಮ್ಮ ಮನೆಯ ಗೋಡೆ ಗಡಿಯಾರವನ್ನು, ಅಣ್ಣನಿಗೆ ಬಸ್ಸು ತಪ್ಪಬಾರದೆಂದು ಅವ್ವ ಹತ್ತು ನಿಮಿಷ ಮುಂದಿಟ್ಟಿದ್ದಳು. ಅದು ಮನೆಮಂದಿಗೆಲ್ಲ ಗೊತ್ತಿದ್ದುದರಿಂದ ಎಲ್ಲರೂ ಮನಸ್ಸಿನಲ್ಲೇ ಹತ್ತು ಕಳೆದು ನಿಧಾನವಾಗಿಯೇ ಹೊರಡುತ್ತಿದ್ದರು. ನಾನು ವಾರ್ತೆಗೆ ಮುಂಚಿನ ಪಿಪ್ ಪಿಪ್ ಸದ್ದಿಗೆ ಅದನ್ನು ಸರಿಹೊಂದಿಸಿದೆ. ಮರುದಿನವೇ ಅಣ್ಣ ಹಳೆಯ ರೂಢಿಯಂತೆ ಹತ್ತು ಕಳೆದು ಬಸ್ಸು ತಪ್ಪಿಸಿಕೊಂಡ, ಬೈಗುಳ ನನಗೆ ಬಿತ್ತು.

ಆದ್ದರಿಂದ ತಾವು ಗಂಟೆಗೊಂದು ವಿಷಯ ತುಂಬಿದ ವೇಳಾಪಟ್ಟಿ ಬರೆಯುವುದನ್ನು ಬಿಟ್ಟು, ತಮಗಾಗಿ ಕಾಯದ ಯಾವುದಾದರೂ ಒಂದಕ್ಕೆ ದಿನದ ಹದಿನೈದು ನಿಮಿಷವನ್ನು ಕಟ್ಟಿಹಾಕಿ. ಮೊಬೈಲಿನಲ್ಲಿ ಬೇಕೆಂದಾಗ ಕೇಳಬಹುದು ಎಂಬುದು ಅನುಕೂಲವೇ ಆದರೂ, ಬೇಕೆಂದಾಗ ಕೇಳಬಹುದಾದದ್ದನ್ನು ನಾಳೆಗೆ ತಳ್ಳುವುದೂ ಅಷ್ಟೇ ಸುಲಭ. ಮೊದಲ ಬಾರಿ ನೇರ ಪ್ರಸಾರವನ್ನೇ ಕೇಳಿ, ಮತ್ತೆ ಕೇಳಲು ಮಾತ್ರ ಧ್ವನಿಮುದ್ರಣ ಬಳಸಿ. ವಾರ್ತೆಯ ವೇಗ ಹೆಚ್ಚೆನಿಸಿದರೆ, ವಾಯ್ಸ್ ಆಫ್ ಅಮೆರಿಕ 1959ರಲ್ಲಿ ಆರಂಭಿಸಿದ ಸ್ಪೆಷಲ್ ಇಂಗ್ಲಿಷ್ ಮಾದರಿಯ ಪಾಠಗಳನ್ನು ಹುಡುಕಿ. ಸುಮಾರು 1500 ಪದಗಳ ಮಿತಿಯಲ್ಲಿ, ಚಿಕ್ಕ ವಾಕ್ಯಗಳಲ್ಲಿ, ನಿಧಾನವಾಗಿ ಓದುವ ಕ್ರಮ ಅದು. ಬಿಬಿಸಿಯ 'ಸಿಕ್ಸ್ ಮಿನಿಟ್ ಇಂಗ್ಲಿಷ್' ಮಾತುಕತೆಗಳಿಗೆ ಬರಹರೂಪವೂ ಜೊತೆಗಿರುವುದರಿಂದ, ನಾನು ಗ್ರಂಥಾಲಯದಲ್ಲಿ ಮಾಡುತ್ತಿದ್ದುದನ್ನು ತಾವು ಮನೆಯಲ್ಲೇ ಮಾಡಬಹುದು. ಬರಹವನ್ನು ಮಾತ್ರ ಮೊದಲೇ ತೆರೆಯಬೇಡಿ. ಎರಡು ಬಾರಿ ಕೇಳಿ, ತಿಳಿಯದ ಸದ್ದನ್ನು ಕೇಳಿಸಿದಂತೆಯೇ ಕನ್ನಡ ಅಕ್ಷರದಲ್ಲಿ ಗುರುತು ಹಾಕಿಕೊಂಡು, ಆಮೇಲೆ ತೆರೆಯಿರಿ.

ಈ ದಾರಿಯ ಕೊರತೆಯನ್ನೂ ಹೇಳಬೇಕು. ಕೆಲಸಕ್ಕೆಂದು ಪುಣೆಗೆ ಹೋದಾಗ ನಾನು ಅವಿಶ್ವಾಸ ನಿರ್ಣಯದ ಬಗ್ಗೆ ಇಂಗ್ಲಿಷಿನಲ್ಲಿ ಹತ್ತು ನಿಮಿಷ ಮಾತನಾಡಬಲ್ಲವನಾಗಿದ್ದೆ, ಆದರೆ ವಸತಿಗೃಹದಲ್ಲಿ ಸ್ನಾನಕ್ಕೆ ಬಿಸಿನೀರು ಎಷ್ಟು ಹೊತ್ತಿಗೆ ಬರುತ್ತದೆ ಎಂದು ಕೇಳಲು ಬಾಯಿ ಬರಲಿಲ್ಲ. ವಾರ್ತೆಯಲ್ಲಿ ಯಾರೂ ಯಾರನ್ನೂ ಏನನ್ನೂ ಕೇಳುವುದಿಲ್ಲವಲ್ಲ. ದಿನಬಳಕೆಯ ಪ್ರಶ್ನೆ, ಉತ್ತರ, ಕ್ಷಮೆ, ತಕರಾರುಗಳ ಮಾತು ಬಂದದ್ದು ಜೊತೆಗಿದ್ದ ಮಲಯಾಳಿ ಗೆಳೆಯನಿಂದ. ಇಬ್ಬರಿಗೂ ಮತ್ತೊಬ್ಬರ ಭಾಷೆ ಬಾರದಿದ್ದುದರಿಂದ ಅಡುಗೆಯ ಸರದಿಗಾಗಿ ಜಗಳವಾಡಲೂ ಇಂಗ್ಲಿಷೇ ಬೇಕಾಗುತ್ತಿತ್ತು. ತಮಗೂ ಅಂಥವರೊಬ್ಬರು ಸಿಕ್ಕರೆ ಬಿಡಬೇಡಿ.