ಟೋಟಲ್ ಲಾಸ್ ಕಾರು ತಂದು ರಿಪೇರಿ ಮಾಡಿಸಿದೆ, ಈಗ ಎಂಜಿನ್ ಸದ್ದು ಮಾಡುತ್ತಿದೆ. ಹೆಡ್ ಬಿಚ್ಚಿಸಲೇ, ಎಂಜಿನ್ನೇ ಬದಲಿಸಲೇ?

ಮೊದಲು, ಗಾಡಿಯನ್ನು ಇನ್ನೊಮ್ಮೆ ಸ್ಟಾರ್ಟ್ ಮಾಡಬೇಡಿ. ಸದ್ದು ಹೇಗಿದೆ ಅಂತ ಯಾರಿಗಾದರೂ ಕೇಳಿಸುವುದಕ್ಕೂ ಬೇಡ.

ನೀವು ಬರೆದಿರುವುದು ಇಷ್ಟು. ಮುಂದೆ ಗುದ್ದಿಸಿಕೊಂಡು, ಇನ್ಶೂರೆನ್ಸ್‌ನವರು ಟೋಟಲ್ ಲಾಸ್ ಅಂತ ಕೈಬಿಟ್ಟ ಪೆಟ್ರೋಲ್ ಕಾರು ತಂದಿರಿ. ಬಾನೆಟ್, ಬಂಪರ್, ರೇಡಿಯೇಟರ್ ಹಾಕಿಸಿದಿರಿ. ಸ್ಟಾರ್ಟ್ ಮಾಡಿದರೆ ಟಕ್ ಟಕ್ ಸದ್ದು, ಜೊತೆಗೆ ನಡುಕ. ಮೂರನೇ ಸಿಲಿಂಡರ್‌ನಲ್ಲಿ ಕಂಪ್ರೆಶನ್ (ಪಿಸ್ಟನ್ ಗಾಳಿಯನ್ನು ಒತ್ತಿದಾಗ ಹುಟ್ಟುವ ಒತ್ತಡ) ಕಡಿಮೆ ಇದೆ, ಸಿಲಿಂಡರ್‌ಗಳ ಮೇಲಿನ ಮುಚ್ಚಳವಾದ ಹೆಡ್ ಬಿಚ್ಚೋಣ ಅಂತ ಮೆಕ್ಯಾನಿಕ್ ಹೇಳುತ್ತಿದ್ದಾರೆ. ಸ್ವಲ್ಪ ತಡೆಯಿರಿ, ಬಿಚ್ಚದೇ ತಿಳಿದುಕೊಳ್ಳುವುದು ಬಹಳ ಇದೆ.

ಇಂಥದೇ ಗಾಡಿ ನನ್ನ ಕೈಗೂ ಸಿಕ್ಕಿತ್ತು. ಮೂರು ಸಿಲಿಂಡರ್‌ಗಳಲ್ಲಿ ಕಂಪ್ರೆಶನ್ 12 ಬಾರ್ ಆಸುಪಾಸು, ಒಂದರಲ್ಲಿ ಮಾತ್ರ 9. ರೇಡಿಯೇಟರ್ ಒಡೆದಿದೆ, ಎಂಜಿನ್ ಕಾದು ಹೆಡ್ ಗ್ಯಾಸ್ಕೆಟ್ (ಹೆಡ್ ಕೆಳಗಿನ ಸೀಲ್) ಹೋಗಿದೆ ಅಂದುಕೊಂಡು ಹೆಡ್ ಇಳಿಸಿದೆ. ಫೇಸಿಂಗ್ ಮಾಡಿಸಿ ಅದರ ತಳ ಸಮ ಮಾಡಿಸಿದೆ, ಹೊಸ ಗ್ಯಾಸ್ಕೆಟ್, ಹೊಸ ಬೋಲ್ಟ್ ಹಾಕಿದೆ. ಎಲ್ಲ ಜೋಡಿಸಿ ಸ್ಟಾರ್ಟ್ ಮಾಡಿದರೆ ಅದೇ ಸದ್ದು. ಹೆಡ್ ತೆಗೆದಾಗ ಆ ಒಂದು ಸಿಲಿಂಡರ್‌ನ ಮೇಲಂಚಿನಲ್ಲಿ ಕರಿ ಪಟ್ಟಿ ಬೇರೆಯವಕ್ಕಿಂತ ಅಗಲವಾಗಿ ಕಂಡಿತ್ತು. ಅದು ಯಾಕೆ ಅಂತ ಯೋಚಿಸದೆ ಬಟ್ಟೆಯಲ್ಲಿ ಒರೆಸಿಬಿಟ್ಟೆ. ಇವತ್ತಿಗೂ ಅದೊಂದು ಬೇಸರ ಹೋಗಿಲ್ಲ.

ಆಮೇಲೆ ನಾಲ್ಕೂ ಪ್ಲಗ್ ತೆಗೆದು, ಪ್ಲಗ್ ತೂತಿನೊಳಗೆ ಒಂದು ಪ್ಲಾಸ್ಟಿಕ್ ಸ್ಟ್ರಾ ಇಳಿಬಿಟ್ಟೆ. ಪಿಸ್ಟನ್‌ಗಳನ್ನು ಮೇಲೆ ಕೆಳಗೆ ಆಡಿಸುವ ಕ್ರ್ಯಾಂಕ್‌ನ ಬೋಲ್ಟ್‌ಗೆ ಸ್ಪ್ಯಾನರ್ ಹಾಕಿ ಕೈಯಲ್ಲೇ ನಿಧಾನವಾಗಿ ತಿರುಗಿಸಿದೆ. ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಸ್ಟ್ರಾ ಮೇಲೆ ಪೆನ್ನಿನಿಂದ ಗುರುತು. ಮೂರರಲ್ಲಿ ಗುರುತು ಒಂದೇ ಕಡೆ ಬಿತ್ತು, ಕಂಪ್ರೆಶನ್ ಕಡಿಮೆ ಇದ್ದ ಆ ಒಂದರಲ್ಲಿ ಪಿಸ್ಟನ್ 3 ಮಿ.ಮೀ. ಕೆಳಗೇ ನಿಂತಿತು. ಕರಿ ಪಟ್ಟಿ ಅಗಲವಾಗಿದ್ದದ್ದೂ ಅದಕ್ಕೇ. ಏರ್ ಫಿಲ್ಟರ್ ಡಬ್ಬಿ ಬಿಚ್ಚಿ ನೋಡಿದರೆ ತಳದಲ್ಲಿ ಒಣಗಿದ ಕೆಸರಿನ ಗೆರೆ. ಆ ಗಾಡಿ ಗುದ್ದಿಸಿಕೊಳ್ಳುವ ಮೊದಲೇ ನೀರು ಕುಡಿದಿತ್ತು. ಮಾರಿದವರು ಅದನ್ನು ಹೇಳಿರಲಿಲ್ಲ.

ಗಾಳಿಯನ್ನು ಒತ್ತಿದ ಹಾಗೆ ನೀರನ್ನು ಒತ್ತಿ ಕುಗ್ಗಿಸಲು ಆಗುವುದಿಲ್ಲ. ಪಿಸ್ಟನ್ ಮೇಲೆ ಬರುವಾಗ ನೀರು ಅಡ್ಡ ಸಿಕ್ಕಿದರೆ, ಪಿಸ್ಟನ್ನನ್ನು ಕ್ರ್ಯಾಂಕ್‌ಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಬಾಗಿದ ರಾಡ್ ಗಿಡ್ಡ ಆಯಿತು ಅಲ್ವಾ? ಪಿಸ್ಟನ್ ಮೇಲಿನ ಜಾಗ ಜಾಸ್ತಿಯಾಗಿ ಕಂಪ್ರೆಶನ್ ಇಳಿಯುತ್ತದೆ. ಗಾಳಿ ಮಾತ್ರ ಎಲ್ಲೂ ಸೋರುವುದಿಲ್ಲ.

ಆದ್ದರಿಂದ ನಿಮ್ಮ ಮೆಕ್ಯಾನಿಕ್‌ಗೆ ಲೀಕ್‌ಡೌನ್ ಟೆಸ್ಟ್ ಮಾಡಲು ಹೇಳಿ. ಆ ಸಿಲಿಂಡರ್‌ನ ಪಿಸ್ಟನ್ ಮೇಲಿಟ್ಟು, ಎರಡೂ ವಾಲ್ವ್ ಮುಚ್ಚಿರುವಾಗ, ಪ್ಲಗ್ ತೂತಿನಿಂದ ಗಾಳಿ ತುಂಬುವುದು. ಸೈಲೆನ್ಸರ್‌ನಲ್ಲಿ ಬುಸ್ ಅಂದರೆ ಎಕ್ಸಾಸ್ಟ್ ವಾಲ್ವ್, ಗಾಳಿ ಎಳೆಯುವ ಪೈಪಿನಲ್ಲಾದರೆ ಇನ್ಲೆಟ್ ವಾಲ್ವ್. ಆಯಿಲ್ ಹಾಕುವ ಬಾಯಲ್ಲಿ ಜೋರಾಗಿ ಬಂದರೆ ರಿಂಗ್ ಅಥವಾ ಪಿಸ್ಟನ್. ರೇಡಿಯೇಟರ್‌ನಲ್ಲಿ ಗುಳ್ಳೆ ಎದ್ದರೆ ಗ್ಯಾಸ್ಕೆಟ್ ಅಥವಾ ಹೆಡ್ ಬಿರುಕು. ಎಲ್ಲೂ ಸೋರದೆ ಕಂಪ್ರೆಶನ್ ಕಡಿಮೆ ಇದ್ದರೆ ರಾಡ್ ಮೇಲೆ ಅನುಮಾನ ಪಡಿ, ಸ್ಟ್ರಾ ಹಾಕಿ ಅಳೆಯಿರಿ. ಪ್ಲಗ್ ತೂತು ಓರೆಯಾಗಿದ್ದರೆ ಮಾತ್ರ ಆ ಅಳತೆ ನಂಬಬೇಡಿ.

ಸದ್ದು ರಾಡ್ ಮತ್ತು ಕ್ರ್ಯಾಂಕ್ ನಡುವಿನ ಬೇರಿಂಗ್‌ನದೂ ಇರಬಹುದು. ಗುದ್ದಿದಾಗ ಆಯಿಲ್ ಚೇಂಬರ್ ಒಡೆದು, ಆಯಿಲ್ ಇಲ್ಲದೆ ಎಂಜಿನ್ ಸ್ವಲ್ಪ ಹೊತ್ತು ಓಡಿದ್ದರೂ ಸಾಕು. ಆಯಿಲ್ ಫಿಲ್ಟರ್ ಕತ್ತರಿಸಿ, ಒಳಗಿನ ಕಾಗದವನ್ನು ಬಿಸಿಲಿಗೆ ಹಿಡಿದು ನೋಡಿ. ತಾಮ್ರದ ಬಣ್ಣದ ಚೂರು ಮಿಂಚಿದರೆ ಬೇರಿಂಗ್ ಸವೆದಿರುವ ಸಾಧ್ಯತೆ ಜಾಸ್ತಿ. ಮ್ಯಾಗ್ನೆಟ್‌ಗೆ ಅಂಟುವ ಚೂರು ಕಬ್ಬಿಣದ್ದು, ಅದು ಕ್ರ್ಯಾಂಕ್‌ನದ್ದೂ ಆಗಿರಬಹುದು.

ಈಗ ನಿಮ್ಮ ಪ್ರಶ್ನೆ. ಬರೀ ಗ್ಯಾಸ್ಕೆಟ್ ಅಥವಾ ವಾಲ್ವ್ ಆದರೆ ಧೈರ್ಯವಾಗಿ ರಿಪೇರಿ ಮಾಡಿಸಿ. ಒಂದು ರಾಡ್ ಬಾಗಿದ್ದು ಕ್ರ್ಯಾಂಕ್ ಚೆನ್ನಾಗಿದ್ದರೆ, ಅದೇ ತೂಕದ ರಾಡ್ ಮತ್ತು ಹೊಸ ಬೇರಿಂಗ್ ಹಾಕಿಸಬಹುದು. ಆದರೆ ಬಾಗಿದ ರಾಡನ್ನು ನೇರ ಮಾಡಿ ಹಾಕಲು ಬಿಡಬೇಡಿ. ಮುಂದೆ ಅದು ಮುರಿದರೆ ಬ್ಲಾಕ್ ತೂತಾಗುತ್ತದೆ. ಕ್ರ್ಯಾಂಕ್‌ಗೂ ಗೀರು ಬಿದ್ದಿದ್ದರೆ, ನಾನಾದರೆ ಒಳ್ಳೆಯ ಸೆಕೆಂಡ್ ಹ್ಯಾಂಡ್ ಎಂಜಿನ್ ಹುಡುಕುತ್ತೇನೆ. ಎಂಜಿನ್ ಕೋಡ್ (ಎಂಜಿನ್ ಮಾದರಿಯ ಗುರುತು) ನಿಮ್ಮದರದ್ದೇ ಇರಲಿ, ಕೊಳ್ಳುವ ಮೊದಲು ಅದರ ಕಂಪ್ರೆಶನ್ ನಿಮ್ಮ ಕಣ್ಣೆದುರೇ ನೋಡಿಸಿ. ಕೂರಿಸುವ ಮೊದಲು ಟೈಮಿಂಗ್ ಬೆಲ್ಟ್, ವಾಟರ್ ಪಂಪ್, ಕ್ರ್ಯಾಂಕ್ ಸೀಲ್ ಬದಲಿಸಿ. ಎಂಜಿನ್ ಹೊರಗಿದ್ದಾಗ ಅದು ಸುಲಭದ ಕೆಲಸ.

ಫಿಲ್ಟರ್ ಡಬ್ಬಿಯಲ್ಲಿ ಕೆಸರು ಕಂಡರೆ ಮಾತ್ರ ಎಂಜಿನ್‌ಗೆ ಕೈ ಹಾಕುವ ಮುಂಚೆ ಸೀಟಿನ ಕೆಳಗಿನ ಕಾರ್ಪೆಟ್ ಎತ್ತಿ, ವೈರಿನ ಜೋಡಣೆಗಳಲ್ಲಿ ಹಸಿರು ಕಿಲುಬು ಇದೆಯಾ ನೋಡಿ. ಅಲ್ಲೆಲ್ಲ ಕಿಲುಬು ಹಿಡಿದಿದ್ದರೆ ನಾನು ಆ ಗಾಡಿಗೆ ಇನ್ನು ಹಣ ಹಾಕುವುದಿಲ್ಲ, ಬಿಡಿಭಾಗಕ್ಕೆ ಮಾರುತ್ತೇನೆ. ಏರ್‌ಬ್ಯಾಗ್ ವೈರಿಂಗ್ ಕೂಡ ಅಲ್ಲೇ ಹಾದುಹೋಗುತ್ತದೆ.