ಗಾಡಿ ಮಾತು: ಒಂದೇ ಎಂಜಿನ್, ಆದರೂ ಗೆಳೆಯನ ಕಾರೇ ಯಾಕೆ ಮೊದಲು?

(ಮೈಸೂರಿನಲ್ಲಿ 22 ವರ್ಷ ಟೈರ್ ಮತ್ತು ವೀಲ್ ಅಲೈನ್‌ಮೆಂಟ್ ಅಂಗಡಿ ನಡೆಸಿದ ನಮ್ಮ ಅಂಕಣಕಾರ್ತಿ ಓದುಗರ ಪ್ರಶ್ನೆಗಳಿಗೆ ಉತ್ತರಿಸುತ್ತಾರೆ.)

ಪ್ರಶ್ನೆ: ಅಕ್ಕಾ, ನಮಸ್ಕಾರ. ನನ್ನದು 2021ರ ಸ್ಕೋಡಾ ಆಕ್ಟೇವಿಯಾ 2.0 ಟಿಎಸ್‌ಐ, ಫ್ರಂಟ್ ವೀಲ್ ಡ್ರೈವ್, ಅಂದರೆ ಎಂಜಿನ್ ಬಲ ಮುಂದಿನ ಎರಡು ಚಕ್ರಕ್ಕೆ ಮಾತ್ರ. ಗೆಳೆಯನದು ಟಿಗುವಾನ್ ಫೋರ್‌ಮೋಷನ್, ಅಂದರೆ ಆಲ್ ವೀಲ್ ಡ್ರೈವ್, ನಾಲ್ಕೂ ಚಕ್ರಕ್ಕೆ ಬಲ. ಎರಡರಲ್ಲೂ ಅದೇ 190 ಪಿಎಸ್ (ಅಶ್ವಶಕ್ತಿ) ಟರ್ಬೋ ಎಂಜಿನ್, ಏಳು ಗೇರಿನ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಡಿಎಸ್‌ಜಿ. ಒಬ್ಬರ ಹತ್ತಿರವೇ ಸ್ಟೇಜ್ 1 ರೀಮ್ಯಾಪ್ (ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಿಸಿ ಪವರ್ ಏರಿಸುವುದು) ಮಾಡಿಸಿದೆವು. ಇಬ್ಬರದೂ ಈಗ 240ರ ಆಸುಪಾಸು. ರನ್‌ವೇ ಮೇಲೆ ನಡೆದ ಡ್ರ್ಯಾಗ್ ರೇಸ್‌ನಲ್ಲಿ ಹೊರಡುವಾಗಲೇ ಅವನು ಎರಡು ಕಾರಿನಷ್ಟು ಮುಂದೆ. ನನ್ನ ಚಕ್ರ ಸುಮ್ನೆ ಗಿರ್ರನೆ ತಿರುಗಿತು. ಕೊನೆಯಲ್ಲಿ ಹತ್ತಿರ ಬಂದೆ, ಗೆದ್ದದ್ದು ಅವನೇ. ಕಾರು ಮಾರಿ ಆಲ್ ವೀಲ್ ತಗೊಳ್ಳಲಾ, ಇಲ್ಲಾ ಪವರ್ ಇನ್ನೂ ಏರಿಸುವ ಸ್ಟೇಜ್ 2 ಮಾಡಿಸಲಾ?
– ಎಸ್.ಕೆ., ಬೆಂಗಳೂರು

ಉತ್ತರ: ಎರಡೂ ಬೇಡ. ಮೊದಲು ಮುಂದಿನ ಎರಡು ಟೈರಿನ ಫೋಟೊ ಕಳಿಸಿ ಅಂತ ಕೇಳಬೇಕು ಅನಿಸಿತ್ತು. ರೀಮ್ಯಾಪ್ ಮಾಡಿಸಿಕೊಂಡು ನನ್ನ ಅಂಗಡಿಗೆ ಬರುತ್ತಿದ್ದ ಹುಡುಗರಲ್ಲಿ ಮುಕ್ಕಾಲು ಪಾಲು ಜನ ಎಂಜಿನ್‌ಗೆ ಧಾರಾಳವಾಗಿ ಖರ್ಚು ಮಾಡಿ, ಟೈರಿಗೆ ಬಂದಾಗ ಚೌಕಾಸಿ ಮಾಡುತ್ತಿದ್ದರು.

ಎತ್ತಿನ ಗಾಡಿಗೆ ಹುಲ್ಲು ಹೇರುವಾಗ ಹಿಂಭಾರ ಆಯಿತು ಅಂತಾರಲ್ಲ, ನೊಗ ಮೇಲೇಳುತ್ತದಲ್ಲ, ನಿಮ್ಮ ಕಾರಿಗೂ ಅದೇ ಆಗುತ್ತಿದೆ. ನೀವು ಕೂತ ಮೇಲೆ ಕಾರಿನ ತೂಕ 1,500 ಕಿಲೋ ಅಂತ ಇಟ್ಟುಕೊಳ್ಳಿ. ನಿಂತಾಗ ಅದರಲ್ಲಿ ಸುಮಾರು 900 ಕಿಲೋ ಮುಂದಿನ ಚಕ್ರಗಳ ಮೇಲಿರುತ್ತದೆ. ಜೋರಾಗಿ ಆಕ್ಸಿಲರೇಟರ್ ಒತ್ತಿದ ಕೂಡಲೇ ಕಾರು ಹಿಂದಕ್ಕೆ ಕೂರುತ್ತದೆ, ಮುಂದಿನ ಭಾರ 760ರ ಹತ್ತಿರ ಇಳಿಯುತ್ತದೆ. ಎಳೆಯಬೇಕಾದ ಚಕ್ರಗಳ ಮೇಲೇ ಭಾರ ಕಡಿಮೆ! ಒಣ ಡಾಂಬರಿನ ಮೇಲೆ ಒಳ್ಳೆಯ ಟೈರ್ ತನ್ನ ಮೇಲಿರುವ ಭಾರದ ಒಂಬತ್ತು ಹತ್ತಾಂಶದಷ್ಟು ಎಳೆಯಬಲ್ಲದು ಅಂತ ಹಿಡಿದರೆ, ನಿಮ್ಮ ಮುಂದಿನ ಎರಡೂ ಟೈರ್ ಸೇರಿ ಸುಮಾರು 690 ಕಿಲೋ ಬಲ ಕೊಡುತ್ತವೆ. ಅದಕ್ಕಿಂತ ಜಾಸ್ತಿ ಕೊಟ್ಟರೆ ಹೊಗೆ, ಅಷ್ಟೇ. ನಿಮ್ಮ ಗೆಳೆಯನಿಗೆ ಆ ಕಾಟವಿಲ್ಲ. ಹಿಂದಕ್ಕೆ ಜಾರಿದ ಭಾರ ಅವನಿಗೆ ನಷ್ಟವಲ್ಲ, ಅಲ್ಲೂ ಎರಡು ಚಕ್ರ ತಳ್ಳುತ್ತಿವೆ.

ಇನ್ನು ನಿಮ್ಮ ಪತ್ರದ ಕೊನೆಯ ಮಾತು, ‘ಕೊನೆಯಲ್ಲಿ ಹತ್ತಿರ ಬಂದೆ’ ಅನ್ನುವುದು. ಅಲ್ಲೇ ಇರುವುದು ವಿಷಯ. ವೇಗ ಏರಿದಂತೆ ಅದೇ ಪವರ್‌ನಿಂದ ಚಕ್ರಕ್ಕೆ ಸಿಗುವ ಬಲ ಇಳಿಯುತ್ತದೆ. ಒಂದು ವೇಗ ದಾಟಿದ ಮೇಲೆ ಟೈರ್ ಜಾರಿಸಲು ಎಂಜಿನ್‌ಗೇ ತಾಕತ್ತು ಸಾಲುವುದಿಲ್ಲ. ನಾನು ಲೆಕ್ಕ ಹಾಕಿ ನೋಡಿದೆ. ಕಂಪನಿ ಕೊಟ್ಟ 190 ಪಿಎಸ್‌ನಲ್ಲಿ ಆ ಗಡಿ ಗಂಟೆಗೆ ಸುಮಾರು 65 ಕಿ.ಮೀ. ನಿಮ್ಮ 240ಕ್ಕೆ ಸುಮಾರು 80. ಸ್ಟೇಜ್ 2 ಮಾಡಿಸಿ 300 ಮುಟ್ಟಿದರೆ 100ರ ಹತ್ತಿರ. ಅಂದರೆ ನೀವು ಪವರ್ ಏರಿಸಿದಷ್ಟೂ ಚಕ್ರ ತಿರುಗಿಸಿಕೊಂಡು ನಿಲ್ಲುವ ಭಾಗವೇ ಉದ್ದವಾಗುತ್ತದೆ. ಅದಕ್ಕೇ ಸ್ಟೇಜ್ 2 ಬೇಡ ಅಂದದ್ದು.

ಆ ಗಡಿ ದಾಟಿದ ಮೇಲೆ ಆಟ ನಿಮ್ಮದು. ಟಿಗುವಾನ್ ನಿಮ್ಮ ಕಾರಿಗಿಂತ ಇನ್ನೂರು ಕಿಲೋಗೂ ಹೆಚ್ಚು ಭಾರ, ಎತ್ತರ ಬೇರೆ, ಗಾಳಿ ಜಾಸ್ತಿ ತಡೆಯುತ್ತದೆ. ಹಿಂದಿನ ಚಕ್ರಕ್ಕೆ ಹೋಗುವ ಉದ್ದನೆಯ ಶಾಫ್ಟು, ಹಿಂದಿನ ಎರಡು ಚಕ್ರಕ್ಕೆ ಬಲ ಹಂಚುವ ಡಿಫರೆನ್ಷಿಯಲ್ಲು ಎಲ್ಲವನ್ನೂ ಅದೇ ಎಂಜಿನ್ ತಿರುಗಿಸಬೇಕು. ನಿಂತಲ್ಲಿಂದ ಹೊರಡುವ ಬದಲು ಓಡುತ್ತಿರುವಾಗಲೇ, 100ರಿಂದ 200ರ ತನಕ ಅಳೆದು ನೋಡಿ, ನೀವೇ ಮುಂದೆ ಇರುತ್ತೀರಿ. ಆದರೆ ಟ್ರ್ಯಾಕ್‌ನಲ್ಲಿ ಅಳೆಯಿರಿ. ನೈಸ್ ರಸ್ತೆಯಲ್ಲಿ ಜಿಪಿಎಸ್ ಡಬ್ಬಿ ಅಂಟಿಸಿಕೊಂಡು ಅಳೆಯುವವರಿಗೆ ಮೋಟಾರು ವಾಹನ ಕಾಯ್ದೆಯಲ್ಲಿ ರಸ್ತೆಯಲ್ಲಿ ರೇಸ್ ಮಾಡಿದರೆ ಶಿಕ್ಷೆ ಕೊಡುವ 189 ಅಂತ ಒಂದು ಕಲಂ ಇದೆ.

ಈಗ ಮಾಡಬೇಕಾದ್ದು. ರೀಮ್ಯಾಪ್ ಮಾಡಿದವರ ಹತ್ತಿರ ಹೋಗಿ, ಒಂದನೇ ಮತ್ತು ಎರಡನೇ ಗೇರಿನಲ್ಲಿ ಟಾರ್ಕ್ (ಎಂಜಿನ್ನಿನ ತಿರುಗಿಸುವ ಬಲ) ಕಡಿಮೆ ಮಾಡಿಕೊಡಿ, ಮೂರರಿಂದ ಪೂರ್ತಿ ಬಿಡಿ ಅಂತ ಕೇಳಿ. ಬೂಸ್ಟನ್ನು, ಅಂದರೆ ಟರ್ಬೋ ತುಂಬುವ ಗಾಳಿಯ ಒತ್ತಡವನ್ನು, ಗೇರಿಗೆ ತಕ್ಕಂತೆ ಹಂಚುವುದು ಅವರಿಗೆ ಹೊಸದೇನಲ್ಲ. ಡೈನೋ (ಪವರ್ ಅಳೆಯುವ ಯಂತ್ರ) ಗ್ರಾಫ್ ನೋಡಿ ಖುಷಿಪಡುವ ಗಿರಾಕಿಗಳು ಕೇಳುವುದಿಲ್ಲ, ಅವರೂ ಮಾಡುವುದಿಲ್ಲ. ಕಾಗದದ ಮೇಲೆ ಟಾರ್ಕ್ ಕಮ್ಮಿ ಆಯಿತಲ್ಲ ಅಂತ ಬೇಜಾರಾಗಬೇಡಿ, ಹೇಗೂ ಅದು ಹೊಗೆಯಾಗಿ ಹೋಗುತ್ತಿತ್ತು. ಆಮೇಲೆ ಟೈರ್. ಜಾಸ್ತಿ ಕಿಲೋಮೀಟರ್ ಬಾಳುವ ಗಟ್ಟಿ ರಬ್ಬರಿನದು ಬಿಟ್ಟು, ಮೆತ್ತಗಿನ ಪರ್ಫಾರ್ಮೆನ್ಸ್ ಟೈರ್ ಹಾಕಿಸಿ. ಬೇಗ ಸವೆಯುತ್ತದೆ, ಸವೆಯಲಿ. ಹೊರಡುವಾಗ ಮುಂದಿನ ಚಕ್ರ ಕುಪ್ಪಳಿಸಿ ದಡದಡ ಸದ್ದು ಬರುತ್ತಿದ್ದರೆ ಎಂಜಿನ್ ಅಲುಗದಂತೆ ಕೆಳಗಿನಿಂದ ಹಿಡಿಯುವ ಡಾಗ್‌ಬೋನ್ ಮೌಂಟಿಗೆ ಗಟ್ಟಿ ಬುಶ್ ಹಾಕಿಸಿ. ಇಷ್ಟಾದ ಮೇಲೂ ಆಸೆ ತೀರದಿದ್ದರೆ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್. 2020ರಲ್ಲಿ ನಮ್ಮ ದೇಶಕ್ಕೆ ಬರೀ 200 ಬಂದ ಆಕ್ಟೇವಿಯಾ ವಿಆರ್‌ಎಸ್ 245ರಲ್ಲಿ ಕಂಪನಿಯವರೇ ಎಲೆಕ್ಟ್ರಾನಿಕ್ ನಮೂನೆಯದನ್ನು ಕೊಟ್ಟಿದ್ದರು. ಒಂದು ಚಕ್ರ ಹಗುರಾದರೆ ಬಲವನ್ನು ಇನ್ನೊಂದಕ್ಕೆ ದಾಟಿಸುತ್ತದೆ. ತಿರುವಿನಿಂದ ಹೊರಗೆ ಬರುವಾಗ ಅದರ ಗುಣ ಗೊತ್ತಾಗುತ್ತದೆ. ನೇರ ಹೊರಡುವಾಗ ಮಾತ್ರ ಜಾಸ್ತಿ ನಿರೀಕ್ಷೆ ಬೇಡ, ಎರಡೂ ಚಕ್ರ ಜಾರಿದರೆ ಅದೂ ಕೈಚೆಲ್ಲುತ್ತದೆ.

ಫ್ರಂಟ್ ವೀಲ್‌ಗೆ ಎಷ್ಟು ಪವರ್ ತಡೆದೀತು ಅನ್ನುವುದು ದೊಡ್ಡ ಕಂಪನಿಗಳಿಗೂ ಕಾಡಿದ ಪ್ರಶ್ನೆ. 2009ರಲ್ಲಿ ಫೋರ್ಡ್ ಕಂಪನಿ ಫೋಕಸ್ ಆರ್‌ಎಸ್‌ನ 305 ಪಿಎಸ್ ಅನ್ನು ಮುಂದಿನ ಚಕ್ರಕ್ಕೇ ಕೊಟ್ಟಿತು. ಸ್ಟೀರಿಂಗ್ ಕೈಯಿಂದ ಕಿತ್ತುಕೊಂಡು ಹೋಗದಿರಲಿ ಅಂತ ಮುಂದಿನ ಸಸ್ಪೆನ್ಷನ್ನಿನ ನಕಲ್ (ಚಕ್ರವನ್ನು ಹಿಡಿದಿಡುವ ತುಂಡು) ಅನ್ನೇ ಬೇರೆ ಥರ ಮಾಡಿತು. ಅದರ ನಂತರದ ಆರ್‌ಎಸ್ 350 ಪಿಎಸ್‌ಗೆ ಏರಿದಾಗ ನಾಲ್ಕೂ ಚಕ್ರಕ್ಕೆ ಹೋಯಿತು.

ಹೊಟ್ಟೆಕಿಚ್ಚು ಪಡಬೇಕಾದ ಜಾಗವೂ ಒಂದಿದೆ, ಮುಚ್ಚಿಡುವುದಿಲ್ಲ. ಮಳೆ. ಒದ್ದೆ ರಸ್ತೆಯಲ್ಲಿ ಹಿಡಿತ ಅರ್ಧಕ್ಕಿಳಿದರೆ ನಿಮ್ಮ ಆ 80ರ ಗಡಿ ಸುಮಾರು 150ರ ತನಕ ಹೋಗುತ್ತದೆ. ನನ್ನದೂ ಒಂದು ರೀಮ್ಯಾಪ್ ಮಾಡಿಸಿದ ಫ್ರಂಟ್ ವೀಲ್ ಕಾರಿತ್ತು. ಒಂದು ಜುಲೈ ಸಂಜೆ, ಜಿಟಿಜಿಟಿ ಮಳೆ. ಹುಣಸೂರು ರಸ್ತೆಗೆ ಅಡ್ಡರಸ್ತೆಯಿಂದ ಬಲಕ್ಕೆ ನುಗ್ಗಬೇಕು. ಲಾರಿ ದೂರ ಇದೆ, ಆರಾಮಾಗಿ ದಾಟಬಹುದು ಅಂತ ಒತ್ತಿದೆ. ಬೂಸ್ಟ್ ಬಂತು, ಕಾರು ಬರಲಿಲ್ಲ. ಅಡ್ಡ ನಿಂತು ಚಕ್ರ ತಿರುಗಿಸುತ್ತಿದ್ದೆ. ಲಾರಿಯವರು ಬ್ರೇಕ್ ಹಾಕಿ, ಇಳಿದು ಬಂದು, ನನ್ನ ಮುಖ ನೋಡಿ ಬೈಯದೇ ವಾಪಸ್ ಹೋದರು. ಬೈದಿದ್ದರೇ ವಾಸಿಯಿತ್ತು. ಮಾರನೇ ದಿನವೇ ಕೆಳಗಿನ ಗೇರುಗಳ ಟಾರ್ಕ್ ಇಳಿಸಿಸಿದೆ.

ಪ್ರಶ್ನೆ: ಮಡಿಕೇರಿಯಲ್ಲಿ ಹೋಂಸ್ಟೇ ಇದೆ, ವಾರಕ್ಕೆರಡು ಸಲ ಸಂಪಾಜೆ ಘಾಟಿ ಇಳಿಯುತ್ತೇವೆ. ನಮ್ಮ ಟರ್ಬೋ ಹ್ಯಾಚ್‌ಬ್ಯಾಕ್ ಟ್ಯೂನ್ ಆದ ಮೇಲೆ ಮಳೆಗಾಲದಲ್ಲಿ ಹೆದರಿಕೆ. ಆಲ್ ವೀಲ್ ಇದ್ದರೆ ತಿರುವಿನಲ್ಲಿ ಜಾರಲ್ಲ ಅಂತ ನಮ್ಮ ಯಜಮಾನರು. ನಿಜವಾ?
– ಕೊಡಗಿನ ಓದುಗರೊಬ್ಬರು

ಉತ್ತರ: ಹತ್ತುವಾಗ ಅರ್ಧ ನಿಜ, ಇಳಿಯುವಾಗ ಸುಳ್ಳು. ಆಲ್ ವೀಲ್ ಡ್ರೈವ್ ಕೆಲಸ ಮಾಡುವುದು ನೀವು ಆಕ್ಸಿಲರೇಟರ್ ಒತ್ತಿದಾಗ. ಬ್ರೇಕ್ ಎಲ್ಲ ಕಾರಿಗೂ ನಾಲ್ಕು ಚಕ್ರಕ್ಕೇ ಇರುತ್ತದೆ. ಇಳಿಜಾರಿನ ತಿರುವಿನಲ್ಲಿ ಕಾರನ್ನು ಹಿಡಿಯುವುದು ಟೈರ್ ಮಾತ್ರ, ಭಾರ ಜಾಸ್ತಿ ಇರುವ ಕಾರಿಗೆ ಅಲ್ಲಿ ಕಷ್ಟವೇ ಜಾಸ್ತಿ. ಇನ್ನೊಂದು ಅಪಾಯ ಏನೆಂದರೆ, ಫ್ರಂಟ್ ವೀಲ್ ಕಾರು ಚಕ್ರ ತಿರುಗಿಸಿ ‘ರಸ್ತೆ ಜಾರುತ್ತಿದೆ’ ಅಂತ ಮೊದಲೇ ಹೇಳಿಬಿಡುತ್ತದೆ. ಆಲ್ ವೀಲ್ ಹೇಳುವುದಿಲ್ಲ, ಸಲೀಸಾಗಿ ವೇಗ ಹಿಡಿಯುತ್ತದೆ. ಮುಂದಿನ ತಿರುವಿನಲ್ಲಿ ಗೊತ್ತಾಗುತ್ತದೆ. ಕಾನೂನಿನ ಪ್ರಕಾರ ಟೈರಿನ ಗೀರಿನ ಆಳ 1.6 ಮಿ.ಮೀ. ಇದ್ದರೆ ಸಾಕು. ನಿಮ್ಮ ಊರಿನ ಮಳೆಗೆ 3 ಮಿ.ಮೀ. ಆದ ಕೂಡಲೇ ಬದಲಿಸಿ. ಯಜಮಾನರಿಗೆ ನನ್ನ ನಮಸ್ಕಾರ ತಿಳಿಸಿ.

ಪ್ರಶ್ನೆ: ಕೆನಡಾದ ಮಾಂಟ್ರಿಯಲ್‌ನಲ್ಲಿದ್ದೇನೆ, ಊರು ಧಾರವಾಡ. ಫ್ರಂಟ್ ವೀಲ್ ಡ್ರೈವಿನ ಗಾಲ್ಫ್ ಜಿಟಿಐ ತಗೊಂಡು ಟ್ಯೂನ್ ಮಾಡಿಸಬೇಕೋ, ಆಲ್ ವೀಲ್ ಡ್ರೈವಿನ ಗಾಲ್ಫ್ ಆರ್ ತಗೋಬೇಕೋ? ಹಿಮದಾಗ ಜಿಟಿಐ ಹೊಂಟೀತೇನ್ರೀ?

ಉತ್ತರ: ಹೊಂಟೀತ್ರೀ, ಚಳಿಗಾಲದ ಟೈರ್ ಇದ್ದರೆ. ನಿಮ್ಮ ಕ್ವಿಬೆಕ್‌ನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರ ತನಕ ಅದು ಕಡ್ಡಾಯ ಕೂಡ. ಬೇಸಿಗೆಯ ಟೈರಿನ ಆರ್‌ಗಿಂತ ಚಳಿಗಾಲದ ಟೈರಿನ ಜಿಟಿಐ ಹಿಮದಲ್ಲಿ ಬೇಗ ನಿಲ್ಲುತ್ತದೆ. ಆದರೆ ಟ್ಯೂನ್ ಮಾಡಿಸುವುದೇ ಖಂಡಿತ ಅಂದರೆ, ವರ್ಷದ ನಾಲ್ಕೈದು ತಿಂಗಳು ಆ ಪವರ್ ಬಳಸುವ ಜಾಗವೇ ನಿಮಗೆ ಸಿಗುವುದಿಲ್ಲ. ಹಾಗಾಗಿ ನಿಮಗೆ ಮಾತ್ರ ಆರ್ ಅನ್ನುತ್ತೇನೆ. ಒಣ ರಸ್ತೆಯ ಮಾತೇ ಬೇರೆ. ಜರ್ಮನಿಯ ರೇಸ್ ಟ್ರ್ಯಾಕ್ ನ್ಯೂರ್ಬರ್ಗ್‌ರಿಂಗ್‌ನಲ್ಲಿ 333 ಪಿಎಸ್‌ನ ಗಾಲ್ಫ್ ಆರ್ 7 ನಿಮಿಷ 47.31 ಸೆಕೆಂಡಿನಲ್ಲಿ ಒಂದು ಸುತ್ತು ಬಂದಿತ್ತು. 2025ರಲ್ಲಿ 325 ಪಿಎಸ್‌ನ ಜಿಟಿಐ ಎಡಿಷನ್ 50, ಅದೂ ಮುಂದಿನ ಎರಡೇ ಚಕ್ರದಿಂದ, 7 ನಿಮಿಷ 46.13ಕ್ಕೆ ಮುಗಿಸಿತು. ಅದಕ್ಕೆ ಹಾಕಿದ್ದು ರೇಸಿನ ಹತ್ತಿರದ ಸೆಮಿ ಸ್ಲಿಕ್ ಟೈರ್ ಅನ್ನುವುದನ್ನು ಟೈರ್ ಅಂಗಡಿಯವಳಾಗಿ ನಾನು ಹೇಳಲೇಬೇಕು.

ಪ್ರಶ್ನೆ: ಆಲ್ ವೀಲ್ ಕಾರಿನಲ್ಲಿ ಒಂದೇ ಟೈರ್ ಪಂಕ್ಚರ್ ಆಗಿ ಹಾಳಾದರೆ ಅದೊಂದನ್ನೇ ಬದಲಿಸಬಹುದಾ?
– ಹಾಸನ

ಉತ್ತರ: ಉಳಿದವು ಹೊಸದಾಗಿದ್ದರೆ ಬದಲಿಸಿ. ಅರ್ಧ ಸವೆದಿದ್ದರೆ ಬೇಡ. ಸವೆದ ಟೈರಿನ ಸುತ್ತಳತೆ ಕಡಿಮೆ, ಅದು ಜಾಸ್ತಿ ಸುತ್ತು ತಿರುಗುತ್ತದೆ. ಹಿಂದಿನ ಚಕ್ರಕ್ಕೆ ಬಲ ಕೊಡುವ ಕ್ಲಚ್ ಆ ವ್ಯತ್ಯಾಸವನ್ನು ದಿನವಿಡೀ ಉಜ್ಜಿಕೊಂಡೇ ತೀರಿಸಬೇಕು. ಟ್ಯೂನ್ ಆದ ಕಾರಾದರೆ ಇನ್ನೂ ಬಿಸಿ. ಆ ಕ್ಲಚ್‌ಗೆ ಬೇರೆಯೇ ಎಣ್ಣೆ ಇರುತ್ತದೆ, ಎಂಜಿನ್ ಆಯಿಲ್ ಜೊತೆ ಅದನ್ನೂ ಬದಲಿಸಿದರು ಅಂತ ಅಂದುಕೊಳ್ಳಬೇಡಿ. ಸರ್ವಿಸ್ ಬಿಲ್ಲಿನಲ್ಲಿ ಆ ಸಾಲು ಇದೆಯಾ ಅಂತ ಇವತ್ತೇ ತೆಗೆದು ನೋಡಿ.